‘ಬೋರ್ಡ್ ಹೋಗಿದೆ’ ಎಂಬ ತೀರ್ಪು

ವಾಷಿಂಗ್ ಮಷೀನಿಗೆ ನೀರು ಬರುತ್ತಿಲ್ಲವೆಂದೋ, ಬಂದ ನೀರು ನಿಲ್ಲುತ್ತಿಲ್ಲವೆಂದೋ ದೂರಿದರೆ ಸಾಕು, ಯಂತ್ರವನ್ನು ಬಿಚ್ಚಿ ನೋಡದೆಯೇ ‘ಬೋರ್ಡ್ ಹೋಗಿದೆ’ ಎನ್ನುವ ರಿಪೇರಿಯವರಿದ್ದಾರೆ. ವೃದ್ಧರಿಬ್ಬರೇ ಇರುವ ಮನೆಯಲ್ಲಿ ಈ ತೀರ್ಪಿಗೆ ಮೇಲ್ಮನವಿಯಿಲ್ಲ. ಸಾವಿರಾರು ರೂಪಾಯಿ ತೆರಬೇಕು. ಇದನ್ನು ವಿದ್ಯೆಯೆಂದು ನಾನು ಒಪ್ಪಲಾರೆ.

ಯಂತ್ರಕ್ಕೆ ನೀರಿನ ಮಟ್ಟ ತಿಳಿಯುವ ಬಗೆ ಸರಳವಾದುದು. ತೊಟ್ಟಿಯ ತಳಭಾಗದಿಂದ ಸಣ್ಣ ಕೊಳವೆಯೊಂದು ಮೇಲಕ್ಕೆ ಹೋಗಿದೆ. ನೀರು ಏರಿದಂತೆ ಅದರೊಳಗಿನ ಗಾಳಿಯ ಒತ್ತಡ ಹೆಚ್ಚುತ್ತದೆ. ತುದಿಯಲ್ಲಿರುವ ಸೆನ್ಸರ್ ಅದನ್ನು ಗ್ರಹಿಸುತ್ತದೆ. ಶಾಲೆಯಲ್ಲಿ ನೀವು ಕಲಿತ ಒತ್ತಡದ ಪಾಠವೇ ಇದು! ಕೊಳವೆ ಬಿರುಕುಬಿಟ್ಟರೆ ಗಾಳಿ ಸೋರಿ, ತೊಟ್ಟಿ ತುಂಬಿದರೂ ಯಂತ್ರಕ್ಕೆ ತಿಳಿಯದು. ಸೋಪಿನ ಜಿಡ್ಡು ಕಟ್ಟಿದರೂ ಲೆಕ್ಕ ತಪ್ಪುತ್ತದೆ. ಪ್ಲಗ್ ಕಿತ್ತ ಮೇಲೂ ನೀರು ಬರುತ್ತಿದ್ದರೆ ದೋಷ ನೀರಿನ ವಾಲ್ವಿನದು, ಬೋರ್ಡಿನದಲ್ಲ.

ನೀರೇ ಬಾರದಿದ್ದರೆ, ನಲ್ಲಿಯ ಪೈಪು ಯಂತ್ರಕ್ಕೆ ಸೇರುವಲ್ಲಿರುವ ಜಾಲರಿಯಲ್ಲಿ ಮರಳು ಕಟ್ಟಿರಬಹುದು. ಅನೇಕ ಯಂತ್ರಗಳಿಗೆ ಕನಿಷ್ಠ 0.3 ಬಾರ್ ಒತ್ತಡ, ಎಂದರೆ ಸುಮಾರು 3 ಮೀಟರ್ ಎತ್ತರದ ನೀರು ಬೇಕು. ಮೇಲಂತಸ್ತಿನ ಮನೆಗೆ ತಾರಸಿಯ ಟ್ಯಾಂಕಿನಿಂದ ಅಷ್ಟು ದೊರೆಯದಿರಬಹುದು.

ಬೋರ್ಡ್ ಕೆಡುವುದೇ ಇಲ್ಲವೆಂದು ನನ್ನ ವಾದವಲ್ಲ. ಜಾಲರಿ, ಕೊಳವೆ, ವಾಲ್ವ್ ಮೂರನ್ನೂ ಪರೀಕ್ಷಿಸಿದ ನಂತರವೇ ಆ ಮಾತು ಬರಬೇಕು. ಲೆಕ್ಕ ಮಾಡಿ ತೋರಿಸದೆ ಉತ್ತರವನ್ನಷ್ಟೇ ಬರೆದವರಿಗೆ ನಾನು ಅಂಕ ಕೊಡುತ್ತಿರಲಿಲ್ಲ; ನೀವು ಹಣವನ್ನೇಕೆ ಕೊಡುತ್ತೀರಿ? ದೂರದೂರುಗಳಲ್ಲಿರುವ ಶಿಷ್ಯರೇ, ತಂದೆತಾಯಿಯರಿಗೆ ರಿಪೇರಿಯ ಹಣ ಕಳುಹಿಸುವ ಮುನ್ನ ಈ ಮೂರನ್ನೂ ಬಿಚ್ಚಿ ತೋರಿಸುವಂತೆ ಕೇಳಲು ಹೇಳಿರಿ.