ಗಂಗೆಯ ಲೆಕ್ಕದಲ್ಲಿ ಬಿಯಾಸ್ ಮುಚ್ಚಿಹೋಗದಿರಲಿ

ಭಾರತದ ನದಿ ಡಾಲ್ಫಿನ್‌ಗಳ ಮೊದಲ ಸಮಗ್ರ ಗಣತಿಯ ವರದಿ 2025ರ ಮಾರ್ಚ್‌ನಲ್ಲಿ ಹೊರಬಂದಿತು. ಒಟ್ಟು ಅಂದಾಜು 6,327. ಕೇಳಲು ಹಿತವಾದ ಅಂಕಿ. ಆದರೆ ಅದರೊಳಗೆ ಅಡಗಿರುವ ಇನ್ನೊಂದು ಅಂಕಿ ಮೂರು. ಪಂಜಾಬಿನ ಬಿಯಾಸ್ ನದಿಯಲ್ಲಿ ಕಂಡುಬಂದ ಸಿಂಧೂ ಡಾಲ್ಫಿನ್‌ಗಳು ಅಷ್ಟೇ. ಉಳಿದವೆಲ್ಲ ಗಂಗಾ-ಬ್ರಹ್ಮಪುತ್ರಾ ಬಯಲಿನವು.

ಇವೆರಡನ್ನು ಕೂಡಿಸಬಹುದೇ ಎಂಬುದು ಹೆಸರಿಡುವವರ ಹಳೆಯ ತಕರಾರು. 1801ರಲ್ಲಿ ಗಂಗೆಯ ಸುಸುವಿಗೆ ವೈಜ್ಞಾನಿಕ ಹೆಸರು ಬಂದಿತು. 1971ರಲ್ಲಿ ಸಿಂಧೂವಿನದು ಬೇರೆಯೆಂದರು. 1990ರ ದಶಕದಲ್ಲಿ ಎರಡನ್ನೂ ಒಂದೇ ಪ್ರಭೇದದ ಉಪಪ್ರಭೇದಗಳಾಗಿಸಿದರು. ತಲೆಬುರುಡೆಗಳನ್ನು ಅಳೆದು, ವಂಶವಾಹಿಗಳ ಸಾಕ್ಷ್ಯವನ್ನೂ ಸೇರಿಸಿ 2021ರಲ್ಲಿ ಮತ್ತೆ ಬೇರ್ಪಡಿಸಲಾಯಿತು. ಅವುಗಳ ದಾರಿ ಕವಲೊಡೆದು ಸುಮಾರು 5,50,000 ವರ್ಷಗಳಾಗಿವೆಯೆಂಬುದು ಒಂದು ಅಂದಾಜು. ಕಡಲಿಗಿಳಿಯದ ಈ ಪ್ರಾಣಿ ಒಂದು ನದಿಯಿಂದ ಮತ್ತೊಂದಕ್ಕೆ ದಾಟಿದ್ದು, ಉತ್ತರದ ಬಯಲಿನಲ್ಲಿ ಹೊಳೆಗಳು ಪಾತ್ರ ಬದಲಿಸಿದಾಗ ಎಂದು ವಿಜ್ಞಾನಿಗಳು ಊಹಿಸುತ್ತಾರೆ.

ಮಸೂರವಿಲ್ಲದ ಕಣ್ಣು, ನೀಳವಾದ ಮೂತಿ, ಸದ್ದಿನ ಮಾರ್ದನಿಯಿಂದಲೇ ಬೇಟೆ: ಕೆಸರುನೀರಿನ ಬದುಕು ಸುಸುವನ್ನು ಹೀಗೆ ರೂಪಿಸಿತು. ಅಮೆಜಾನಿನ ಬೋಟೊ, ಚೀನಾದ ಬೈಜಿಗಳಿಗೂ ನೀಳ ಮೂತಿಯಿದೆ. ಆದರೆ ವಂಶದಲ್ಲಿ ಅವು ಸುಸುವಿಗಿಂತ ಕಡಲ ಡಾಲ್ಫಿನ್‌ಗಳಿಗೇ ಹತ್ತಿರ. 'ನದಿ ಡಾಲ್ಫಿನ್' ಎಂಬುದು ವಾಸಸ್ಥಾನದ ಹೆಸರು, ಕುಲದ ಹೆಸರಲ್ಲ.

ಯಾಂಗ್ಟ್ಸಿ ನದಿಯನ್ನು 2006ರಲ್ಲಿ ಉದ್ದಕ್ಕೂ ಶೋಧಿಸಿದಾಗ ಬೈಜಿ ಒಂದೂ ಸಿಗಲಿಲ್ಲ. ಅಲ್ಲಿನ ಬೆನ್ನುರೆಕ್ಕೆಯಿಲ್ಲದ ಪಾರ್ಪಾಯ್ಸ್ 2018ರಲ್ಲಿ ಪ್ರತ್ಯೇಕ ಪ್ರಭೇದವೆಂದು ಸಾಬೀತಾಯಿತು. ಕರ್ನಾಟಕದ ಕರಾವಳಿಯಲ್ಲೂ ಅದರ ದಾಯಾದಿಯೊಂದಿದೆ. ಕಡಲಲ್ಲಿ ಬೇಕಾದಷ್ಟಿವೆಯೆಂಬ ಸಮಾಧಾನಕ್ಕೆ ಅಂದಿನಿಂದ ಆಧಾರವಿಲ್ಲ. 2017ರಲ್ಲಿ 1,012 ಇದ್ದ ಅವು 2022ರ ಗಣತಿಯಲ್ಲಿ 1,249 ಆಗಿದ್ದವು. ನಡುವೆ, 2021ರಲ್ಲಿ, ಆ ನದಿಯಲ್ಲಿ ಹತ್ತು ವರ್ಷಗಳ ಮೀನುಗಾರಿಕೆ ನಿಷೇಧ ಜಾರಿಗೆ ಬಂದಿತ್ತು.

ಬಿಯಾಸ್‌ಗೆ ಅಂಥ ಕಾಳಜಿ ಎಲ್ಲಿ? 2018ರ ಮೇ ತಿಂಗಳಲ್ಲಿ ಸಕ್ಕರೆ ಕಾರ್ಖಾನೆಯೊಂದರ ಕಾಕಂಬಿ ಆ ನದಿಗೆ ಹರಿದು ರಾಶಿರಾಶಿ ಮೀನು ಸತ್ತವು. 2019ರಲ್ಲಿ ಪಂಜಾಬ್ ಸರ್ಕಾರ ಸಿಂಧೂ ಡಾಲ್ಫಿನ್ನನ್ನು ರಾಜ್ಯದ ಜಲಚರವೆಂದು ಸಾರಿತು. ಬಿರುದು ಬಂದಿತು, ಸರಿ. ಪಾಕಿಸ್ತಾನದಲ್ಲಿರುವ ಸುಮಾರು 2,000 ಬಂಧುಗಳನ್ನು ಸೇರಲು ಈ ಮೂರಕ್ಕೆ ಅಣೆಕಟ್ಟೆಗಳು ದಾರಿ ಬಿಡುವುದಿಲ್ಲ. ಗಂಗೆಯಿಂದ ತಂದು ಬಿಡೋಣವೆಂದರೆ ಅದು ಬೇರೆಯೇ ಪ್ರಾಣಿ. ಆದ್ದರಿಂದ ಸರ್ಕಾರಿ ಕಡತಗಳಲ್ಲಿ ಬಿಯಾಸ್‌ಗೆ ಪ್ರತ್ಯೇಕ ಲೆಕ್ಕ, ಪ್ರತ್ಯೇಕ ಯೋಜನೆ, ಬೇಸಿಗೆಯಲ್ಲೂ ತಗ್ಗದ ಕನಿಷ್ಠ ಹರಿವಿನ ಲಿಖಿತ ಖಾತರಿ ಬೇಕು. ಅದೂ ಮುಂದಿನ ಗಣತಿಗೆ ಮುನ್ನವೇ.