ಬಲೆಯೂ ಬಳಗವೂ

ಕಾಪುವಿನ ದೀಪಸ್ತಂಭದ ಬಂಡೆಯನ್ನೇರಿದವರ ಕಣ್ಣು ಸಾಮಾನ್ಯವಾಗಿ ಕಡಲಿನ ಕಡೆಗೇ ಹೋಗುತ್ತದೆ. ೧೯೦೧ರಲ್ಲಿ ಕಟ್ಟಿದ ಆ ಸ್ತಂಭದ ಬುಡದಲ್ಲಿ ನಿಂತು ಮರಳ ದಂಡೆಯತ್ತ ತಿರುಗಿದರೆ, ಸಮಯ ಕೂಡಿಬಂದ ದಿನ, ಕೈರಂಪಣಿ ಎಳೆಯುವ ಜನರನ್ನು ಕಾಣಬಹುದು. ಒಂದು ಉಪಕರಣದ ರಚನೆಯು ಅದನ್ನು ಹಿಡಿದವರ ಮನೋಬಲವನ್ನು ಹೇಗೆ ರೂಪಿಸುತ್ತದೆಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆಯನ್ನು ನಾನು ಬೇರೆ ಕಂಡಿಲ್ಲ.

ಕೈರಂಪಣಿಯು ಹಿಂದಿನ ದೊಡ್ಡ ರಂಪಣಿಯ ಕಿರಿಯ ರೂಪ. ದೊಡ್ಡ ರಂಪಣಿಯಾದರೋ ಅನೇಕ ತುಂಡುಗಳನ್ನು ಜೋಡಿಸಿ ಮಾಡಿದ ಮಹಾಬಲೆ. ಪಾಲುಗಾರರ ಬಳಗವೊಂದರ ಸೊತ್ತು. ದೋಣಿಯು ಹಗ್ಗದ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ಬಂಗುಡೆ ಅಥವಾ ಬೂತಾಯಿಯ ಹಿಂಡನ್ನು ಅರ್ಧಚಂದ್ರಾಕಾರವಾಗಿ ಬಳಸಿ, ಇನ್ನೊಂದು ತುದಿಯನ್ನು ದಡಕ್ಕೆ ತರುವುದು. ಮೇಲಂಚಿಗೆ ತೇಲುವ ಬೆಂಡು, ಕೆಳಗಿನ ಅಂಚಿಗೆ ಭಾರ. ಬಳಿಕ ಹತ್ತಾರು ಜನ ಎರಡು ಸಾಲಾಗಿ ನಿಂತು ಎಳೆಯಬೇಕು. ಒಂದು ಸಾಲಿನವರು ಅವಸರಿಸಿದರೆ ಬಲೆ ಓರೆಯಾಗುತ್ತದೆ. ಕೆಳಗಿನ ಅಂಚು ನೆಲ ಬಿಟ್ಟೆದ್ದರೆ ಮೀನು ಅಡಿಯಿಂದ ನುಸುಳುತ್ತದೆ. ಆದುದರಿಂದ ಪ್ರತಿಯೊಬ್ಬನೂ ಎದುರು ಸಾಲಿನ ಮೇಲೆ ಕಣ್ಣಿಟ್ಟೇ ಎಳೆಯಬೇಕಾಗುತ್ತದೆ. ಇಲ್ಲಿ ಯಾರ ಶ್ರಮವೂ ಮರೆಯಾಗದು, ಸೋಮಾರಿತನವೂ ಮರೆಯಾಗದು! ಫಲವು ಎಲ್ಲರ ಕಣ್ಣೆದುರಿಗೇ ದಡಕ್ಕೆ ಬರುತ್ತದೆ.

ಇದು ಬಲೆಯ ಗುಣವಲ್ಲ, ಒಂದೇ ಊರಿನ ಜನರ ಒಗ್ಗಟ್ಟಿನ ಗುಣವೆಂದು ಕೆಲವರು ಹೇಳಬಹುದು. ಆದರೆ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳ ಕುರಿತು ಟ್ರಿಸ್ಟ್ ಮತ್ತು ಬ್ಯಾಮ್‌ಫೋರ್ತ್ ಎಂಬವರು ೧೯೫೧ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿರಿ. ಮೊದಲು ಸಣ್ಣ ಸಣ್ಣ ತಂಡಗಳು ಕಲ್ಲಿದ್ದಲನ್ನು ಕಡಿಯುವುದರಿಂದ ತುಂಬುವವರೆಗಿನ ಕೆಲಸವನ್ನೆಲ್ಲ ತಾವೇ ಮಾಡುತ್ತಿದ್ದುವು. ಯಂತ್ರಗಳು ಬಂದ ಮೇಲೆ ಕೆಲಸವನ್ನು ಮೂರು ಪಾಳಿಗಳಿಗೆ ಹರಿದು ಹಂಚಲಾಯಿತು. ಒಂದು ಪಾಳಿಯ ತಪ್ಪು ಮುಂದಿನ ಪಾಳಿಯ ತಲೆಗೆ ಬೀಳತೊಡಗಿತು. ದೂಷಣೆ ಬೆಳೆಯಿತು, ಕೆಲಸಕ್ಕೆ ಬಾರದಿರುವುದು ಹೆಚ್ಚಿತು. ಜನರು ಅದೇ ಗಣಿ ಕೆಲಸಗಾರರೇ! ಮುಂದೆ ಕೆಲವು ಗಣಿಗಳಲ್ಲಿ ಯಂತ್ರವನ್ನು ಉಳಿಸಿಕೊಂಡೇ ಇಡೀ ಕೆಲಸವನ್ನು ಒಂದು ಕೂಡುತಂಡಕ್ಕೆ ಒಪ್ಪಿಸಿದಾಗ ಉತ್ಸಾಹವೂ ಉತ್ಪತ್ತಿಯೂ ಏರಿದುವು. ಅಂದಮೇಲೆ ಯಂತ್ರದೊಡನೆ ಕೆಲಸದ ಹಂಚಿಕೆಯನ್ನೂ ರಚಿಸುವುದು ರಚನಾಕಾರನ ಹೊಣೆಯೇ ಸರಿ.

ನಮ್ಮ ಕರಾವಳಿಗೆ ೧೯೭೦ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದಿತು. ಬಳೆಗಳೊಳಗೆ ಹಾಯ್ದ ಹಗ್ಗವನ್ನೆಳೆದರೆ ಸಂಚಿಯ ಬಾಯಿಯಂತೆ ಅದರ ತಳ ಮುಚ್ಚಿಕೊಳ್ಳುತ್ತದೆ. ಹಿಂಡು ದಡ ಸೇರುವ ಮೊದಲೇ ಅದನ್ನು ಹಿಡಿಯಬಹುದು. ಅದು ಕೆಟ್ಟ ರಚನೆಯೆಂದು ನಾನು ಹೇಳಲಾರೆ; ಮೀನು ಹಿಡಿಯುವ ಕೆಲಸಕ್ಕೆ ಅದು ಬಲು ಸಮರ್ಥ. ಆದರೆ ದಡದಲ್ಲಿ ಹಗ್ಗ ಹಿಡಿಯುತ್ತಿದ್ದ ಅನೇಕರಿಗೆ ಆ ದೋಣಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಕೆಲವೇ ವರ್ಷಗಳಲ್ಲಿ ರಂಪಣಿ ಕುಸಿಯಿತು. ಮೀನುಗಾರರ ನಡುವೆಯೇ ಜಗಳಗಳಾದುವು.

ನೈಲಾನಿನ ಕಥೆ ಬೇರೆ. ಹತ್ತಿಯ ಬಲೆಯನ್ನು ತೊಗಟೆಯ ಚೊಗರಿನಲ್ಲಿ ಅದ್ದಿ ಒಣಗಿಸದಿದ್ದರೆ ಅದು ಬೇಗನೆ ಕೊಳೆಯುವುದು. ೧೯೩೫ರಲ್ಲಿ ಅಮೆರಿಕದಲ್ಲಿ ಮೊದಲು ತಯಾರಾದ ನೈಲಾನು ಬಲೆಯ ನೂಲಾಗಿ ಬಂದಾಗ ಆ ಬೇಸರದ ದುಡಿಮೆ ತಪ್ಪಿತು. ಎಳೆಯುವ ಸಾಲು ಮಾತ್ರ ಒಡೆಯಲಿಲ್ಲ.

ಮಣಿಪಾಲದಲ್ಲಿ ೧೯೫೭ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿಯೂ ಇದೆ. ವಿದ್ಯಾರ್ಥಿಗಳು ಹೊಸ ಉಪಕರಣವನ್ನು ರಚಿಸಿದಾಗ ತೂಕ, ಗಟ್ಟಿತನ, ಬೆಲೆಗಳನ್ನು ಅಳೆಯುವುದು ಸರಿಯೇ. ಅದನ್ನು ಒಬ್ಬನ ಕೈಗೆ ಕೊಟ್ಟು ಪರೀಕ್ಷಿಸಿದರೆ ಸಾಲದು. ಒಂದು ವಾರ ಇಡೀ ತಂಡಕ್ಕೆ ಕೊಟ್ಟು ನೋಡಬೇಕು. ಯಾರು ಯಾರಿಗಾಗಿ ಕಾಯಬೇಕಾಯಿತು, ಯಾರ ತಪ್ಪನ್ನು ಯಾರು ಹೊತ್ತರು, ಯಾರಿಗೆ ಕೆಲಸವೇ ಇಲ್ಲವಾಯಿತು ಎಂದು ಕೇಳಿ ಬರೆದುಕೊಳ್ಳಬೇಕು. ಅದಕ್ಕೂ ಮುಂಚೆ ಒಂದು ದಿನ ಕಾಪುವಿಗೆ ಹೋಗಿ ಬರಲಿ. ಬಸ್ಸುಗಳಿಗೇನೂ ಕೊರತೆಯಿಲ್ಲ, ಹಗ್ಗಕ್ಕೆ ಇನ್ನೆರಡು ಕೈ ಸೇರಿದರೆ ಎಳೆಯುವವರು ಬೇಡವೆನ್ನಲಾರರು.