ಮೊದಲ ಮುಟ್ಟಿಗೆ ಅಂಗಡಿಯ ಪ್ಯಾಡೇ ಆಗಬೇಕೆ?

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನು ವಿದ್ಯಾ ಇಲಾಖೆಯವರು ಒಂದುಗೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಹೆಸರಿಟ್ಟಿದ್ದಾರೆ. ಮಳೆ ಕೈಕೊಡುವುದೇ ವಾಡಿಕೆಯಾದ, ಕೊಳವೆಬಾವಿಯ ಗಡಸು ನೀರನ್ನೇ ನೆಚ್ಚಿಕೊಂಡ ಈ ಸೀಮೆಯಲ್ಲಿ ಹೆಣ್ಣುಮಗಳೊಬ್ಬಳು ಮೈನೆರೆದಳೆಂದರೆ ಸೋದರಮಾವನಾದವನು ಹಸಿರು ಸೊಪ್ಪಿನ ಗುಡ್ಲು ಹಾಕುವುದೂ, ಮುತ್ತೈದೆಯರು ಒಸಗೆಯ ಆರತಿ ಬೆಳಗುವುದೂ, ಎಳ್ಳುಬೆಲ್ಲ ಕುಟ್ಟಿದ ಚಿಗಳಿಯನ್ನೂ ಕೊಬ್ಬರಿಯನ್ನೂ ಆಕೆಗೆ ತಿನ್ನಿಸುವುದೂ ಅನೇಕ ಮನೆಗಳಲ್ಲಿ ಇಂದಿಗೂ ನಡೆದುಬಂದಿರುವ ಪದ್ಧತಿ. ಇಷ್ಟೆಲ್ಲ ಸಂಭ್ರಮದ ನಡುವೆ ಆ ಹುಡುಗಿ ಸ್ರಾವಕ್ಕೆ ಏನನ್ನು ಧರಿಸಬೇಕು, ಎಷ್ಟು ಹೊತ್ತಿಗೊಮ್ಮೆ ಬದಲಿಸಬೇಕು, ಬದಲಿಸಿದ್ದನ್ನು ಏನು ಮಾಡಬೇಕು ಎಂಬ ವಿಚಾರ ಮಾತ್ರ ಹಿತ್ತಲ ಬಾಗಿಲಲ್ಲಿ ಎರಡು ಪಿಸುಮಾತಿಗೆ ಮುಗಿದುಹೋಗುತ್ತದೆ. "ಅವ್ವ, ಇದನ್ನ ಹೆಂಗೆ ಹಾಕ್ಕಳ್ಳೋದು?" ಎಂದು ಕೇಳಿದ ಮಗಳಿಗೆ "ಮೆಲ್ಲಗೆ ಮಾತಾಡೇ" ಎಂಬುದೇ ಮೊದಲ ಉತ್ತರ.

ಹುಡುಗಿಯ ಮೊದಲ ಮುಟ್ಟಿಗೆ ಅಂಗಡಿಯ ಪ್ಯಾಡನ್ನೇ ಕೊಡತಕ್ಕದ್ದು, ಮನೆಯ ಬಟ್ಟೆಯನ್ನು ಸಂಪೂರ್ಣವಾಗಿ ಕೈಬಿಡತಕ್ಕದ್ದು ಎಂಬ ಸೂಚನೆಯನ್ನು ಮುಂದಿಟ್ಟುಕೊಂಡು ಎರಡು ಪಕ್ಷಗಳ ವಾದವನ್ನೂ ಇಲ್ಲಿ ನಾನೇ ಹೂಡಿದ್ದೇನೆ. ತಕ್ಕಡಿ ಎಲ್ಲಿಯಾದರೂ ಒಂದು ಕಡೆಗೆ ವಾಲಿದ್ದರೆ ಓದುಗರು ಕ್ಷಮಿಸುವುದು ಬೇಡ, ಗಮನಿಸಿದರೆ ಸಾಕು.

ಪರ

ಬಟ್ಟೆಯ ಗುಣಗಾನ ಮಾಡುವವರಲ್ಲಿ ಅದನ್ನು ಒಗೆದವರು ಕಡಿಮೆ. ಹಳೆಯ ಹತ್ತಿಯ ಸೀರೆ ಮೆತ್ತಗಿರುವುದು ನಿಜ, ದುಡ್ಡಿಲ್ಲದೆ ದೊರೆಯುವುದೂ ನಿಜ. ಆದರೆ ಅದು ನಿರುಪದ್ರವಿಯಾಗಿ ಉಳಿಯಬೇಕಾದರೆ ಯಥೇಚ್ಛವಾದ ನೀರು, ನೊರೆಗಟ್ಟುವ ಸಾಬೂನು, ನೆತ್ತಿಯ ಮೇಲಿನ ಬಿಸಿಲು ಇವು ಮೂರೂ ಒದಗಬೇಕಷ್ಟೆ? ಪಾವಗಡದ ಊರುಗಳಲ್ಲಿ ಕುಡಿಯುವ ನೀರಿಗೇ ಫ್ಲೋರೈಡಿನ ಪೀಡೆ; ಶುದ್ಧನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಲ್ಲುವ ಮನೆಯವರು ಹುಡುಗಿಯ ಬಟ್ಟೆಗೆಂದು ಎರಡು ಬಕೆಟ್ ನೀರನ್ನು ಪ್ರತ್ಯೇಕವಾಗಿ ತೆಗೆದಿಡುವರೆಂದು ನಂಬುವುದು ಕಷ್ಟ. ಗಡಸು ನೀರಿನಲ್ಲಿ ಸಾಬೂನು ನೊರೆಯಾಗುವ ಬದಲು ಬಿಳಿಯ ಜಿಡ್ಡಾಗಿ ನೂಲಿಗೇ ಅಂಟಿಕೊಳ್ಳುವುದರಿಂದ, ಒಣಗಿದ ಮೇಲೆ ಆ ಬಟ್ಟೆ ಬಿರುಸಾಗಿ, ಶಾಲೆಗೆ ನಡೆದುಹೋಗುವ ಹುಡುಗಿಯ ತೊಡೆಯ ಸಂದನ್ನು ಉಜ್ಜಿ ಕೆಂಪಗೆ ಮಾಡುತ್ತದೆ.

ಇನ್ನು ಬಿಸಿಲಿನ ಮಾತು. ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಫಲಕಗಳನ್ನು ನೆಟ್ಟು 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರಸ್ಥಾವರವನ್ನು ಎಬ್ಬಿಸಿರುವ ಇದೇ ಪಾವಗಡದಲ್ಲಿ, ಗೇಣುದ್ದದ ಬಟ್ಟೆಯೊಂದಕ್ಕೆ ಬಿಸಿಲು ತಾಗಕೂಡದು, ಏಕೆಂದರೆ ಅದಕ್ಕೆ ಗಂಡಸರ ಕಣ್ಣು ತಾಗಕೂಡದು! ಬಚ್ಚಲ ಗೋಡೆಯ ಹಿಂದೆ, ದನದ ಕೊಟ್ಟಿಗೆಯ ಗಳುವಿನ ಮೇಲೆ, ಅದೂ ಮೇಲೊಂದು ಹಳೆಯ ಲಂಗವನ್ನು ಹೊದಿಸಿ ಒಣಹಾಕುವ ಆ ಬಟ್ಟೆ ಅರೆ ತೇವದಲ್ಲಿಯೇ ಮಡಿಸಲ್ಪಟ್ಟು, ಬರುವ ತಿಂಗಳ ತನಕ ತಗಡಿನ ಡಬ್ಬದಲ್ಲಿ ಮುಗ್ಗುಲು ಹಿಡಿಯುತ್ತದೆ. ತಾಯಿಗೂ ಅಜ್ಜಿಗೂ ಇದೇ ಬಟ್ಟೆ ಆಗಿಬಂದಿತ್ತಲ್ಲ ಎನ್ನುವವರು, ಅವರ ಪೈಕಿ ಎಷ್ಟು ಮಂದಿ ತುರಿಕೆಯನ್ನೂ ಉರಿಮೂತ್ರವನ್ನೂ ಯಾರಿಗೂ ಹೇಳದೆ ನುಂಗಿಕೊಂಡರೆಂಬುದನ್ನು ಒಮ್ಮೆ ವಿಚಾರಿಸಬೇಕು.

ಶಾಲೆಯ ಹುಡುಗಿಯ ದಿನಚರಿಯೇ ಬೇರೆ. ನಾಗಲಮಡಿಕೆಯ ಕಡೆಯಿಂದಲೋ ವೈ.ಎನ್. ಹೊಸಕೋಟೆಯ ಕಡೆಯಿಂದಲೋ ಬೆಳಗಿನ ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಬರುವವಳು ಸಂಜೆ ಮನೆ ಸೇರುವ ತನಕ ತೋಯ್ದ ಬಟ್ಟೆಯಲ್ಲಿಯೇ ಕುಳಿತಿರಬೇಕು. ಬದಲಿಸಿದಳೆನ್ನಿ, ಬಿಚ್ಚಿದ್ದನ್ನು ಪುಸ್ತಕಗಳ ನಡುವೆ ಇಟ್ಟುಕೊಂಡು ತಿರುಗಬೇಕು. ಪ್ಯಾಡಾದರೆ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ, ಕಾಗದದಲ್ಲಿ ಸುತ್ತಿ, ಕೈ ತೊಳೆದುಕೊಂಡರೆ ಕೆಲಸ ಮುಗಿಯಿತು. ದುಬಾರಿಯೆಂಬ ಆಕ್ಷೇಪಣೆಯೂ ಈಗ ಹಿಂದಿನಷ್ಟು ಗಟ್ಟಿಯಾಗಿಲ್ಲ: 2018ರ ಜುಲೈನಲ್ಲಿ ಅದರ ಮೇಲಿನ ತೆರಿಗೆ ರದ್ದಾಯಿತು, 2019ರಿಂದ ಜನೌಷಧಿ ಕೇಂದ್ರಗಳಲ್ಲಿ ‘ಸುವಿಧಾ’ ಪ್ಯಾಡು ಒಂದಕ್ಕೆ ಒಂದು ರೂಪಾಯಿ, ರಾಜ್ಯ ಸರಕಾರದ ‘ಶುಚಿ’ ಯೋಜನೆಯಲ್ಲಿ ಶಾಲೆಯ ಹುಡುಗಿಯರಿಗೆ ಪುಕ್ಕಟೆ.

ಈ ತಾಲ್ಲೂಕುಗಳ ಕೆಲವು ಗೊಲ್ಲರಹಟ್ಟಿಗಳ ವಿಚಾರ ಬಂದಾಗ ನನ್ನ ಲೇಖನಿ ಸ್ವಲ್ಪ ಕಟುವಾಗುವುದು ಅನಿವಾರ್ಯ. ಮುಟ್ಟಾದವಳನ್ನೂ ಬಾಣಂತಿಯನ್ನೂ ಹಟ್ಟಿಯ ಹೊರಗಿಡುವ ಆಚಾರವನ್ನು 2017ರ ಕರ್ನಾಟಕದ ಅಮಾನವೀಯ ದುಷ್ಟಪದ್ಧತಿಗಳ ಪ್ರತಿಬಂಧಕ ಕಾನೂನು ಅಪರಾಧವೆಂದು ಸಾರಿದ ಮೇಲೂ, 2023ರಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಹಾಗೆ ಹೊರಗಿಟ್ಟ ಬಾಣಂತಿಯ ಹಸುಗೂಸು ಪ್ರಾಣ ಕಳೆದುಕೊಂಡಿತು. ಪ್ಯಾಡು ಈ ಆಚಾರವನ್ನು ಅಳಿಸಲಾರದೆಂಬುದು ಸರಿಯೇ. ಆದರೆ ನೀರಿಲ್ಲದ ಗುಡಿಸಲಿನಲ್ಲಿ ಕುಳಿತ ಹನ್ನೆರಡು ವರ್ಷದ ಹುಡುಗಿಗೆ ಬಟ್ಟೆಯನ್ನು ಒಗೆದು ಒಣಗಿಸಿಕೊಳ್ಳೆಂದು ಉಪದೇಶಿಸುವುದು ಆಕೆಗೆ ವಿಧಿಸಿದ ಎರಡನೆಯ ಶಿಕ್ಷೆಯಲ್ಲವೆ?

ವಿರೋಧ

ಪ್ಯಾಡು ಬೇಡವೆಂದು ನಾವು ಹೇಳುವುದಿಲ್ಲ. ನಮ್ಮ ತಕರಾರೆಲ್ಲ ಸೂಚನೆಯಲ್ಲಿರುವ ‘ಪ್ಯಾಡನ್ನೇ’ ಎಂಬ ಹಟದ ಮೇಲೆ.

ಪರಪಕ್ಷದವರು ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ಆರು ಗಂಟೆಗೊಮ್ಮೆ ಬದಲಿಸುವುದಾದರೆ ದಿನಕ್ಕೆ ನಾಲ್ಕು. ಶುಚಿ ಯೋಜನೆಯ ಒಂದು ಪೊಟ್ಟಣದಲ್ಲಿರುವುದು ಹತ್ತು. ಎರಡೂವರೆ ದಿನಕ್ಕೆ ಅದು ತೀರಿತು, ಸ್ರಾವವಾದರೋ ಐದು ದಿನವೂ ಇರಬಹುದು, ಏಳು ದಿನವೂ ಇರಬಹುದು. ಉಳಿದ ದಿನಗಳಿಗೆ ಆಕೆ ಒಂದನ್ನೇ ದಿನವೆಲ್ಲ ಧರಿಸುತ್ತಾಳೆ, ಇಲ್ಲವೆ ಒಗೆಯುವುದನ್ನು ಯಾರೂ ಕಲಿಸದ ಬಟ್ಟೆಗೆ ಹಿಂತಿರುಗುತ್ತಾಳೆ. 2013-14ರಲ್ಲಿ ಪ್ರಾರಂಭವಾದ ಆ ಯೋಜನೆಯೇ ಕೋವಿಡ್ಡಿನ ತರುವಾಯ ಕೆಲವು ವರ್ಷ ನಿಂತುಹೋಗಿ ಮತ್ತೆ ಚಿಗುರಿದ್ದು ಎಲ್ಲರಿಗೂ ತಿಳಿದ ಸಂಗತಿ. ಸರಬರಾಜಿನ ಲಾರಿ ಬರುವುದೆಂಬ ಒಂದೇ ಭರವಸೆಯ ಮೇಲೆ ಹುಡುಗಿಯ ಮಾನವನ್ನು ನಿಲ್ಲಿಸುವುದು ವಿವೇಕವಲ್ಲ.

ಪ್ಯಾಡಿನ ಒಡಲಲ್ಲಿರುವುದು ಬರಿಯ ಹತ್ತಿಯೆಂದು ಅನೇಕ ತಾಯಂದಿರು ಭಾವಿಸಿದ್ದಾರೆ. ಅದರೊಳಗೆ ಮರದ ತಿರುಳಿನ ಜೊತೆಗೆ ದ್ರವವನ್ನು ಹೀರಿ ಲೋಳೆಯಾಗುವ ರಾಸಾಯನಿಕ ಪುಡಿಯುಂಟು, ಅಡಿಯಲ್ಲಿ ಪ್ಲಾಸ್ಟಿಕ್ಕಿನ ಹಾಳೆಯುಂಟು. ಮಣ್ಣಿನಲ್ಲಿ ಇದು ಬೇಗ ಕರಗದು. ಒಲೆಗೆ ಹಾಕಿದರೆ ಒದ್ದೆಯಾದದ್ದು ಹೊತ್ತಿಕೊಳ್ಳದೆ ಹೊಗೆಯಾಡುತ್ತದೆ. ಶೌಚದ ಗುಂಡಿಗೆ ಹಾಕಿದರೆ ಪೈಪು ಕಟ್ಟಿಕೊಳ್ಳುತ್ತದೆ. ತಯಾರಕರು ಪ್ರತಿ ಪ್ಯಾಡಿನೊಡನೆ ಸುತ್ತುವ ಚೀಲವನ್ನು ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಸುತ್ತಿದ್ದನ್ನು ಒಯ್ಯುವ ಗಾಡಿಯೇ ದಿನಾ ಬಾರದ ಊರಿನಲ್ಲಿ ಆ ಚೀಲದಿಂದೇನು ಪ್ರಯೋಜನ? ಕೆರೆಯ ಏರಿಯ ಹಿಂದೆಯೋ, ಜಾಲಿಯ ಮೆಳೆಯಲ್ಲಿಯೋ ಕತ್ತಲಾದ ಮೇಲೆ ಎಸೆದುಬರುವುದೇ ಉಳಿದ ದಾರಿ. ಬೆಳಗಾಗುವುದರೊಳಗೆ ನಾಯಿಗಳು ಅದನ್ನು ದಾರಿಗೆ ಎಳೆದುತಂದಿರುತ್ತವೆ.

ಪ್ಯಾಡು ಬಂದು ಗುಟ್ಟಿನಿಂದ ಬಿಡುಗಡೆಯಾಯಿತೆಂಬ ಎಣಿಕೆಯನ್ನಂತೂ ಒಪ್ಪಲಾಗದು. ಮೆಡಿಕಲ್ ಸ್ಟೋರಿನವನು ಪ್ಯಾಡನ್ನು ಮೊದಲು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ, ಅನಂತರ ಕಪ್ಪು ಕವರಿಗೆ ಹಾಕಿ, ಆ ಕವರಿನ ಕಿವಿಯನ್ನು ಗಂಟು ಹಾಕಿ ಕೊಡುತ್ತಾನೆ. ಇಲಿಪಾಷಾಣವನ್ನಾದರೂ ಆತ ಅಷ್ಟು ಜಾಗರೂಕತೆಯಿಂದ ಕಟ್ಟಿಕೊಡುವುದಿಲ್ಲ. ಕೊಟ್ಟಿಗೆಯ ಗಳುವಿನ ಮೇಲಿದ್ದ ಗುಟ್ಟು ಅಂಗಡಿಯ ಗಲ್ಲೆಗೆ ಬಂದು ಕುಳಿತಿದೆ, ಅಷ್ಟೆ. ಬಟ್ಟೆ ಬಿಸಿಲು ಕಾಣದಿದ್ದುದು ಬಟ್ಟೆಯ ದೋಷವಲ್ಲ, ಮನೆಯವರ ಸಂಕೋಚದ ದೋಷ. ಅದನ್ನು ಹಾಗೆಯೇ ಉಳಿಸಿಕೊಂಡು ಸಾಮಾನನ್ನು ಮಾತ್ರ ಬದಲಿಸಿದರೆ, ತುರಿಕೆ ಬಂದಾಗ ಹುಡುಗಿ ಅಂದಿನಂತೆ ಇಂದೂ ಬಾಯಿ ಬಿಡುವುದಿಲ್ಲ.

ನೀರಿನ ಕಷ್ಟ ನಿಜವೆಂದು ಒಪ್ಪುತ್ತೇವೆ. ಆದಕಾರಣವೇ ನಾಲ್ಕು ತಾಲ್ಲೂಕಿಗೂ ಒಂದೇ ಅಪ್ಪಣೆ ಹೊರಡಿಸಬೇಡಿರೆನ್ನುವುದು. ಜಯಮಂಗಲಿಯ ಮಗ್ಗುಲಲ್ಲಿ ಬಾವಿಯೂ ಹಿತ್ತಲೂ ಉಳ್ಳ ಕೊರಟಗೆರೆಯ ಮನೆಗೆ, ಪದರಪದರವಾಗಿ ಹೊಲಿದು ಗುಂಡಿಯಿಟ್ಟ ಬಟ್ಟೆಯ ಪ್ಯಾಡು ವರ್ಷಗಟ್ಟಲೆ ಬಾಳುತ್ತದೆ. ಕಲಿಸಬೇಕಾದ್ದು ಬಿಸಿನೀರು ಕಲೆಯನ್ನು ಗಟ್ಟಿಮಾಡುವುದರಿಂದ ಮೊದಲು ತಣ್ಣೀರಲ್ಲಿ ನೆನೆಹಾಕು, ಆಮೇಲೆ ಸಾಬೂನು ಹಚ್ಚು, ಬಯಲಿನ ಹಗ್ಗದ ಮೇಲೆ ಹರವು ಎಂಬಿಷ್ಟೇ. ಟ್ಯಾಂಕರಿನ ನೀರನ್ನು ಕಾಯುವ ಪಾವಗಡದ ಮನೆಗೆ ಪ್ಯಾಡೇ ಸರಿ, ಬೇಸಗೆಯಲ್ಲಂತೂ ಸರಿ. ಇವೆರಡರ ಆಚೆಗೆ ಮುಟ್ಟಿನ ಕಪ್ಪೊಂದುಂಟು: ಸಿಲಿಕೋನಿನಿಂದ ಮಾಡಿದ, ಕುದಿಸಿ ಶುಚಿಗೊಳಿಸಿದರೆ ಹತ್ತು ವರ್ಷದವರೆಗೂ ಬಾಳಬಹುದಾದ ಆ ಸಾಧನವನ್ನು ಕರ್ನಾಟಕ ಸರಕಾರ ‘ಮೈತ್ರಿ’ ಎಂಬ ಹೆಸರಿನಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಹಂಚಿತು, ಕೇರಳದ ಕುಂಬಳಂಗಿ 2022ರಲ್ಲಿ ಅದನ್ನೇ ನೆಚ್ಚಿ ಪ್ಯಾಡುರಹಿತ ಗ್ರಾಮವೆಂದು ಘೋಷಿಸಿಕೊಂಡಿತು. ಮೊದಲ ತಿಂಗಳಿಗೇ ಅದನ್ನು ಹುಡುಗಿಯ ಕೈಗಿಡಬೇಕೆಂದಲ್ಲ. ಅಂಥದೊಂದು ಇದೆಯೆಂದು ಆಕೆಗೆ ತಿಳಿದಿದ್ದರೆ, ಮುಂದೆ ಬೇಕೆನಿಸಿದಾಗ ತಾನೇ ಕೇಳಿಯಾಳು.

ಮೊದಲ ಒಂದೆರಡು ವರ್ಷ ಮುಟ್ಟು ಹೇಳಿದ ತಿಂಗಳಿಗೆ ಬರುವುದಿಲ್ಲ. ನಲವತ್ತು ದಿನ ಕಳೆದರೂ ಗಾಬರಿಯಿಲ್ಲ. ಹರಿಯುವ ರಕ್ತ ಸಾಧಾರಣವಾಗಿ ಮೂವತ್ತು ನಲವತ್ತು ಮಿಲಿಲೀಟರ್, ಎಂದರೆ ಎರಡು ಮೂರು ದೊಡ್ಡ ಚಮಚದಷ್ಟು ಮಾತ್ರವೆಂದು ತಿಳಿದರೆ ಹುಡುಗಿಯ ಅರ್ಧ ಭಯ ಹೋಗುತ್ತದೆ. ಗಂಟೆ ಎರಡು ಗಂಟೆಗೆ ಒಂದರಂತೆ ಪ್ಯಾಡು ತೊಯ್ದರೆ, ಏಳು ದಿನ ಮೀರಿದರೆ, ವೈದ್ಯರಲ್ಲಿಗೆ ಹೋಗಬೇಕು. ಕೊಳ್ಳುವಾಗ ಸುಗಂಧ ಬೆರೆಸಿದ್ದು ಬೇಡ, ಎಳೆಯ ಮೈಗೆ ಅತಿ ಉದ್ದದ್ದು ಬೇಡ, ಪಕ್ಕಕ್ಕೆ ಮಡಿಸುವ ರೆಕ್ಕೆಯುಳ್ಳದ್ದು ಶಾಲೆಗೆ ಅನುಕೂಲ. ಸ್ಕೂಲ್ ಬ್ಯಾಗಿನಲ್ಲಿ ಎರಡು ಪ್ಯಾಡು, ಒಂದು ಒಳಉಡುಪು, ಒಂದು ಕಾಗದದ ಚೀಲ ಇರಲಿ. ಮನೆಯಲ್ಲಿ ಹೊಲಿದ ನಾಲ್ಕಾರು ಬಟ್ಟೆ ಇರಲಿ. ಎರಡು ಮೂರು ತಿಂಗಳು ಎರಡನ್ನೂ ಧರಿಸಿ ನೋಡಿದ ಮೇಲೆ ಯಾವುದು ಹಿತವೆಂದು ಆಕೆಯೇ ಹೇಳಲಿ. ಒಸಗೆಗೆ ರೇಷ್ಮೆಯ ಲಂಗ ತರುವ ಸೋದರಮಾವನಿಗೆ ಬಚ್ಚಲಿಗೊಂದು ಚಿಲಕ, ಮುಚ್ಚಳವುಳ್ಳ ಒಂದು ಬಕೆಟ್ಟು ತರಲು ಯಾರು ಅಡ್ಡಿ ಮಾಡಿದ್ದಾರೆ?

ಇಷ್ಟಾಗಿಯೂ ಪ್ಯಾಡನ್ನೇ ಕೊಡತಕ್ಕದ್ದೆಂದು ಪರಪಕ್ಷದವರು ಪಟ್ಟುಹಿಡಿಯುವುದಾದರೆ, ಅವರು ಹಂಚುವ ಪೊಟ್ಟಣ ತಲಪುವ ಶಾಲೆಗಳಲ್ಲಿ ಎಷ್ಟರ ಶೌಚಾಲಯದಲ್ಲಿ ನೀರಿನ ನಲ್ಲಿ, ಒಳಚಿಲಕ, ಮುಚ್ಚಳದ ಬುಟ್ಟಿ ಇವು ಮೂರೂ ಇವೆಯೆಂಬ ಪಟ್ಟಿಯನ್ನು ಮುಂದಿನ ಸಲ ಜೊತೆಗೇ ತರಲಿ.